ಎರಡು ಚುಕ್ಕಿಯ ಮುಂದಿನ ಅಕ್ಷರ

ರಾಣೆಬೆನ್ನೂರಿನ ಸ್ಟೇಷನ್ ರಸ್ತೆಯ ಒಳಓಣಿಯೊಂದರಲ್ಲಿ ವಿರೂಪಾಕ್ಷಪ್ಪನವರ ಪ್ರೆಸ್ಸು. ಮುಂದಿನ ಕೋಣೆಯಲ್ಲಿ ಮಾಲೀಕರ ಮೇಜು. ಹಿಂದಿನ ಉದ್ದ ಪಡಸಾಲೆಯಲ್ಲಿ ಕಾಲಿನಿಂದ ತುಳಿದು ಓಡಿಸುವ ಅಚ್ಚಿನ ಯಂತ್ರ. ಅದರಾಚೆ, ಕಿಟಕಿಯ ಬೆಳಕು ಬೀಳುವಲ್ಲಿ, ಸೀಸದ ಅಚ್ಚುಮೊಳೆಗಳನ್ನು ತುಂಬಿದ ಮರದ ಗೂಡುಗಳು. ಆ ಗೂಡುಗಳ ಮುಂದೆ ಇಪ್ಪತ್ತೇಳು ವರ್ಷ ನಿಂತು ಅಕ್ಷರ ಜೋಡಿಸಿದವರು ವಿಜಯೇಂದ್ರ. ನಿಂತು ಎಂದರೆ ನಿಂತೇ. ಮಾಲೀಕರು ಒಮ್ಮೆ ಸ್ಟೂಲು ತಂದುಕೊಟ್ಟಿದ್ದರು. ಅದರ ಮೇಲೆ ವಿಜಯೇಂದ್ರ ಊಟದ ಡಬ್ಬಿ ಇಡುತ್ತಿದ್ದರು.

ಕನ್ನಡದ ಮೊಳೆಗಳಲ್ಲಿ ದೊಡ್ಡವರು ಸಣ್ಣವರು ಎಂಬ ಭೇದವಿಲ್ಲ. 'ಅ' ಅಂದರೆ ಮದುವೆ ಕಾರ್ಡಿನ ನೆತ್ತಿಯ ಮೇಲೆ ಕೂತರೂ 'ಅ', ಗೊಬ್ಬರದ ರಸೀದಿಯ ಬುಡದಲ್ಲಿ ಬಿದ್ದರೂ 'ಅ'. ಇಂಗ್ಲಿಷಿನ ಸಂಸಾರ ಹಾಗಲ್ಲ. ಅಲ್ಲಿ ಕ್ಯಾಪಿಟಲ್ ಎಂಬ ಗೌಡರು ಬೇರೆ, ಸಣ್ಣಕ್ಷರ ಎಂಬ ಆಳುಗಳು ಬೇರೆ. ಗೌಡರು ಯಾವ ಊರಲ್ಲೂ ಕಡಿಮೆಯೇ. ಪ್ರೆಸ್ಸು ಶುರುವಾದಾಗ ಹುಬ್ಬಳ್ಳಿಯಿಂದ ತರಿಸಿದ ಒಂದು ಸೆಟ್ಟು ಇಂಗ್ಲಿಷ್ ಮೊಳೆಯಲ್ಲಿ ಸಣ್ಣ ಅಕ್ಷರಗಳು ಮುಷ್ಟಿಗಟ್ಟಲೆ ಇದ್ದವು, ದೊಡ್ಡ ಎಚ್ ನಾಲ್ಕು, ದೊಡ್ಡ ಎಸ್ ಹತ್ತು. ಮೊಳೆ ಎರಕ ಹೊಯ್ಯುವ ಆ ಅಂಗಡಿ ಮುಚ್ಚಿ ಈಗ ಅಲ್ಲಿ ಮೊಬೈಲ್ ಮಾರುತ್ತಾರೆ. ಹಾಗಾಗಿ ಹತ್ತು ಎಂದರೆ ಹತ್ತೇ.

ಇದರಿಂದ ಪ್ರೆಸ್ಸಿನಲ್ಲಿ ತಾನಾಗಿ ಒಂದು ಕಾನೂನು ಬೆಳೆದಿತ್ತು. ಇಂಗ್ಲಿಷಿನವರು ಒಂದರ ಮೇಲೊಂದು ಎರಡು ಚುಕ್ಕಿ ಇಟ್ಟು ಅದಕ್ಕೆ ಕೋಲನ್ ಎನ್ನುತ್ತಾರಲ್ಲ, ಅದರ ಮುಂದೆ ಬರುವ ಶಬ್ದಕ್ಕೆ ಮನುಷ್ಯರ ಅಥವಾ ಊರಿನ ಹೆಸರಲ್ಲದಿದ್ದರೆ ಕ್ಯಾಪಿಟಲ್ ಇಲ್ಲ. ವಿಜಯೇಂದ್ರ ಇದನ್ನು ಯಾವ ಪುಸ್ತಕದಿಂದಲೂ ಕಲಿತಿರಲಿಲ್ಲ. ಗೂಡಿನೊಳಗೆ ಬೆರಳಾಡಿಸಿ ಕಲಿತಿದ್ದರು.

ಈ ಕಾನೂನನ್ನು ಒಪ್ಪದವರು ಒಬ್ಬರೇ. ಅವರ ಹೆಂಡತಿ ಹರಿಪ್ರಿಯಾ.

ಹರಿಪ್ರಿಯಾ ಊರಿನ ಖಾಸಗಿ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಮದುವೆಯಾದ ಮೊದಲ ವಾರವೇ ಗಂಡ ಜೋಡಿಸಿದ ಒಂದು ಕರಡನ್ನು ತಿದ್ದಿಕೊಟ್ಟರು. ಆಮೇಲೆ ಇಪ್ಪತ್ನಾಲ್ಕು ವರ್ಷ ಪ್ರೆಸ್ಸಿನ ಇಂಗ್ಲಿಷ್ ಕರಡುಗಳೆಲ್ಲ ಸಂಜೆ ವಿಜಯೇಂದ್ರರ ಚೀಲದಲ್ಲಿ ಮನೆಗೆ ಹೋಗಿ, ಬೆಳಿಗ್ಗೆ ಹಸಿರು ಮಸಿಯ ಗೀಟು ಹೊತ್ತು ವಾಪಸು ಬಂದವು. ಕೆಂಪು ಮಸಿ ಶಾಲೆಯ ಮಕ್ಕಳಿಗೆ, ಹಸಿರು ಗಂಡನಿಗೆ. ಮಕ್ಕಳಿಲ್ಲದ ಮನೆ. ಊಟವಾದ ಮೇಲೆ ಅಲ್ಲಿ ನಡೆಯುತ್ತಿದ್ದ ಜಗಳವೆಲ್ಲ ಅಕ್ಷರಗಳದ್ದೇ.

"ಇಲ್ಲಿ ಕ್ಯಾಪಿಟಲ್ ಹಾಕ್ರಿ."

"ಯಾಕ?"

"ಚುಕ್ಕಿ ಮುಂದ ಪೂರ್ತಿ ವಾಕ್ಯ ಅದ. ಒಂದಲ್ಲ, ಎರಡು ಅವ. ತಮ್ಮ ಕಾಲ ಮ್ಯಾಲೆ ತಾವ ನಿಂತಾವ. ಅಂಥವಕ್ಕ ಮರ್ಯಾದಿ ಕೊಡಬೇಕು."

"ಹಂಗಾರ ಮ್ಯಾಲಿನ ಸಾಲಿಗೆ ಯಾಕ ಬ್ಯಾಡಂತೀ?"

"ಅದು ಬರೇ ಪಟ್ಟಿ. ಬದನಿ, ಬೆಂಡಿ, ಟೊಮೇಟೊ. ಕಾಯಿಪಲ್ಲೇಕ್ಕ ಯಾಕ್ರಿ ಕ್ಯಾಪಿಟಲ್?"

"ಒಂದೇ ವಾಕ್ಯ ಇದ್ರ?"

"ಕೆಲವರು ಹಾಕ್ತಾರ, ಕೆಲವರು ಬಿಡ್ತಾರ. ಎರಡೂ ನಡೀತದ. ಆದ್ರ ಒಂದು ಹಿಡದ್ರ ಕಡೀತನಕ ಅದನ್ನೇ ಹಿಡೀಬೇಕು. ಇವತ್ತೊಂದು ನಾಳೆ ಒಂದು ಮಾಡಬಾರದು. ನಾನು ಹಾಕಾಕಿ."

"ನನ್ನ ಹತ್ರ ಸ್ಟಾಕಿಲ್ಲ."

"ನಿಮ್ಮ ಗೂಡಿನ್ಯಾಗ ಇಲ್ಲ ಅಂತ ಇಂಗ್ಲಂಡಿನವರು ವ್ಯಾಕರಣ ಬದಲ್ ಮಾಡ್ತಾರೇನು?"

ಹತ್ತು ತಿದ್ದುಪಡಿ ಬಂದರೆ ವಿಜಯೇಂದ್ರ ನಾಲ್ಕನ್ನು ಒಪ್ಪುತ್ತಿದ್ದರು. ಉಳಿದ ಆರಕ್ಕೆ ಮೊಳೆಯಿಲ್ಲ ಎಂಬ ಜವಾಬು. ಮೊಳೆಯಿದ್ದಾಗಲೂ ಒಮ್ಮೊಮ್ಮೆ ಅದೇ ಜವಾಬು. ಹೆಂಡತಿಯ ಎದುರು ಎಲ್ಲ ಸರಕನ್ನೂ ಹೊರಗೆ ಹಚ್ಚದ ಈ ಜಾಣತನ ಅವರಿಗೆ ಯಾವ ಪೇಟೆಯಿಂದ ಬಂತೋ.

ಒಪ್ಪಿದ ತಿದ್ದುಪಡಿಗಳಲ್ಲಿ ಒಂದು, ಕುಪ್ಪೇಲೂರು ರಸ್ತೆಯ ಬೀಜದ ಕಂಪನಿಯದು. ಕಂಪನಿ ಎಂದರೆ ಚೇತನಕುಮಾರ, ಒಂದು ಗೋದಾಮು, ಒಂದು ಟೆಂಪೊ. ಬ್ಯಾಡಗಿ ಮೆಣಸಿನ ಬೀಜಕ್ಕೆ ಔಷಧ ಸವರಿ ಪಾಕೀಟು ಮಾಡಿ ಮಾರುವ ದಂಧೆ. ಆ ಪಾಕೀಟಿನ ಮೇಲಿನ ಚೀಟಿಯನ್ನು, ಒಂದು ಹಾಳೆಗೆ ಎಂಟರಂತೆ, ವಿರೂಪಾಕ್ಷಪ್ಪನವರ ಪ್ರೆಸ್ಸೇ ಹೊಡೆದುಕೊಡುತ್ತಿತ್ತು. ಚೀಟಿಯ ಬುಡದಲ್ಲಿ ಇಂಗ್ಲಿಷಿನಲ್ಲಿ 'ಎಚ್ಚರ' ಎಂಬರ್ಥದ ಶಬ್ದ, ಎರಡು ಚುಕ್ಕಿ, ಮುಂದೆ ಬೀಜಕ್ಕೆ ವಿಷ ಸವರಿದೆ, ತಿನ್ನಬಾರದು ಎಂಬ ಎರಡು ವಾಕ್ಯ. ಮೊದಲ ವಾಕ್ಯ ಎಸ್ ಅಕ್ಷರದಿಂದ ಶುರು. ತೊಂಬತ್ತೊಂಬತ್ತರಲ್ಲಿ ಮೊದಲ ಸಲ ಜೋಡಿಸುವಾಗ ವಿಜಯೇಂದ್ರ ಸಣ್ಣ ಎಸ್ ಹಾಕಿದ್ದರು. ಹರಿಪ್ರಿಯಾ ಅದರ ಕೆಳಗೆ ಮೂರು ಸಲ ಹಸಿರು ಗೀಟು ಎಳೆದು, "ವಿಷದ ಮಾತರೇ ಕ್ಯಾಪಿಟಲ್ನ್ಯಾಗ ಹೇಳ್ರೀ" ಅಂದಿದ್ದರು. ಎಂಟು ಚೀಟಿಗೆ ಎಂಟು ದೊಡ್ಡ ಎಸ್. ಗೂಡಿನಲ್ಲಿ ಹತ್ತು ಇದ್ದವು. ನಡೆಯಿತು. ಆಮೇಲೆ ಪ್ರತಿ ವರ್ಷ ಹಾಗೇ ನಡೆಯಿತು.

ಎರಡು ಸಾವಿರದ ಐದನೇ ಇಸವಿಯ ಏಪ್ರಿಲ್ ತಿಂಗಳಲ್ಲಿ ಹರಿಪ್ರಿಯಾ ಪರೀಕ್ಷೆಯ ಪೇಪರು ತಿದ್ದಲು ಹಾವೇರಿಗೆ ಹೋಗಿದ್ದರು. ಸಂಜೆ ಬಸ್ಸಿಳಿದು ಬಂದು, ಬಿಸಿಲು ಬಹಳ ಅಂದು, ಮಜ್ಜಿಗೆ ಕುಡಿದು ಮಲಗಿದರು. ಬೆಳಿಗ್ಗೆ ಏಳಲಿಲ್ಲ. ಡಾಕ್ಟರು ಬಂದು ಹೃದಯ ಅಂದರು. ವಿಜಯೇಂದ್ರ ಹೌದು ಅಂದರು.

ನೋಡಲು ಬಂದವರಿಗೆ ಅವರು ಒಂದು ರೀತಿಯಲ್ಲಿ ನಿರಾಶೆಯನ್ನೇ ಮಾಡಿದರು. ಕಣ್ಣೀರಿಲ್ಲ, ಗೋಡೆಗೆ ತಲೆ ಆನಿಸಿ ಕೂಡುವುದಿಲ್ಲ. ಬಂದವರಿಗೆ ಚಾಪೆ ಹಾಸಿದರು, ಹೋಗುವವರ ಚಪ್ಪಲಿ ಹುಡುಕಿಕೊಟ್ಟರು. ಸಮಾಧಾನದ ಮಾತು ಸಿದ್ಧಮಾಡಿಕೊಂಡು ಬಂದವರು ಅದನ್ನು ಹಾಗೇ ಹೊತ್ತುಕೊಂಡು ವಾಪಸು ಹೋದರು. ಒಳಗೆ ಏನಾಗುತ್ತಿದೆ ಎಂದು ವಿಜಯೇಂದ್ರರೂ ಒಂದೆರಡು ಸಲ ನೋಡಿಕೊಂಡರು. ಏನೂ ಆಗುತ್ತಿರಲಿಲ್ಲ. ಬಹಳ ಹೊತ್ತು ನಿಂತ ಕಾಲು ಜೋಮು ಹಿಡಿದಾಗ ಅದು ತನ್ನದೇ ಕಾಲು ಎಂದು ಗೊತ್ತಿರುತ್ತದೆ, ಚಿವುಟಿದ್ದು ಮಾತ್ರ ಗೊತ್ತಾಗುವುದಿಲ್ಲ. ಅಷ್ಟೇ.

ಹರಿಪ್ರಿಯಾಳ ಅಕ್ಕ ಇಂದಿರಾಬಾಯಿ ಹಾವೇರಿಯಿಂದ ಬಂದು ಮನೆಯ ಹೊಣೆ ಹಿಡಿದಿದ್ದರು. ಎಂಟನೆಯ ದಿನ ಅವರು ವೈಕುಂಠ ಸಮಾರಾಧನೆಯ ಕಾರ್ಡಿನ ಮಾತು ತೆಗೆದರು.

"ಕನ್ನಡದಾಗ ಒಂದು, ಇಂಗ್ಲಿಷಿನ್ಯಾಗ ಒಂದು ಆಗಬೇಕು. ಇಪ್ಪತ್ನಾಲ್ಕು ವರ್ಷ ಇಂಗ್ಲಿಷ್ ಕಲಿಸ್ಯಾಳ. ಅಕಿ ಸಾಲಿಯವರು ಏನಂದಾರು? ಹೆಡ್ ಮಾಸ್ತರರು ಬರದು ಕೊಟ್ಟಾರ, ತಗೋರಿ."

ವಿಜಯೇಂದ್ರ ಕಾಗದ ತೆಗೆದುಕೊಂಡು ಚಪ್ಪಲಿ ಮೆಟ್ಟಿದರು.

"ಸೂತಕದಾಗ ಪ್ರೆಸ್ಸಿಗೆ ಹೊಂಟ್ರೇನು? ಹತ್ತು ದಿನ ಮುಗೀಲಿ."

"ಹತ್ತು ಮುಗಿಸಿ ಹೊಡದ್ರ ಹಂಚೂದು ಯಾವಾಗ? ಸೀಸಕ್ಕ ಮೈಲಿಗಿ ಇಲ್ಲ ಇಂದಿರಕ್ಕ."

"ಯಾವ ಶಾಸ್ತ್ರದಾಗ ಅದ?"

"ಯಾವದರಾಗೂ ಇಲ್ಲ. ಇಂಗ್ಲಿಷ್ ಜೋಡಸಾವರು ಬ್ಯಾರೆ ಇಲ್ಲ."

ಪ್ರೆಸ್ಸಿನಲ್ಲಿ ಯಂತ್ರ ತುಳಿಯುವ ಕಾಸೀಮಸಾಬ ಅವರನ್ನು ನೋಡಿ ಎದ್ದು ನಿಂತ. ಗೂಡಿನ ಮುಂದಿನ ನೆಲ ಗುಡಿಸಿದ. ವಿಜಯೇಂದ್ರ ಕಾಗದವನ್ನು ಕಿಟಕಿಗೆ ಸಿಕ್ಕಿಸಿ ಜೋಡಿಸತೊಡಗಿದರು. ಹೆಡ್ ಮಾಸ್ತರರ ಇಂಗ್ಲಿಷಿನಲ್ಲಿ ಕೋಲನ್ನುಗಳಿಗೆ ಬರವಿರಲಿಲ್ಲ. ಹೊತ್ತು, ಎರಡು ಚುಕ್ಕಿ. ಸ್ಥಳ, ಎರಡು ಚುಕ್ಕಿ. ಕೊನೆಗೆ ಸಹೋದ್ಯೋಗಿಗಳ ಮಾತು, ಎರಡು ಚುಕ್ಕಿ, ಅವರು ನಮ್ಮೆಲ್ಲರ ಇಂಗ್ಲಿಷನ್ನು ತಿದ್ದಿದರು. ಈ 'ಅವರು' ಎಂಬ ಇಂಗ್ಲಿಷಿನ 'ಶೀ'ಗೆ ಮಾಸ್ತರರು ಸಣ್ಣ ಎಸ್ ಬರೆದಿದ್ದರು. ಮುಂದಿರುವುದು ಪೂರ್ತಿ ವಾಕ್ಯ. ಒಂದೇ ವಾಕ್ಯ. ಹಾಕಿದರೂ ನಡೆಯುತ್ತದೆ, ಬಿಟ್ಟರೂ ನಡೆಯುತ್ತದೆ. ವಿಜಯೇಂದ್ರರ ಕೈ ಗೂಡಿನಲ್ಲಿ ದೊಡ್ಡ ಎಸ್‌ಗಳ ಮನೆಗೆ ಹೋಗಿ ಒಂದನ್ನು ಎತ್ತಿತು. ಶ್ರೀಗೆ ಒಂದು, ಶ್ರೀಮತಿಗೆ ಒಂದು, ಸಮಾರಾಧನೆಗೆ, ಶಾಲೆಗೆ, ರವಿವಾರಕ್ಕೆ ಒಂದೊಂದು, ಇದು ಆರನೆಯದು. ಕ್ಯಾಪಿಟಲ್ಲುಗಳನ್ನು ಅಷ್ಟು ಧಾರಾಳವಾಗಿ ಖರ್ಚು ಮಾಡಿದ ಕಾರ್ಡು ಆ ಪ್ರೆಸ್ಸಿನಲ್ಲಿ ಹಿಂದೆ ಆಗಿರಲಿಲ್ಲ. ಅದು ಅವರ ಗಮನಕ್ಕೆ ಬಂದದ್ದು ಜೋಡಿಸಿ ಮುಗಿದ ಮೇಲೆ.

ಕರಡು ತೆಗೆದು, ಒರೆಸಿ, ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿದರು. ಓಣಿಯ ತಿರುವಿನವರೆಗೆ ಹೋಗಿ, ಅಲ್ಲಿ ಸ್ವಲ್ಪ ನಿಂತು, ವಾಪಸು ಬಂದು, ಕಾಸೀಮಸಾಬನಿಗೆ "ಹೊಡಿ" ಅಂದರು.

ಕಾರ್ಡು ಹೊಡೆದಾಯಿತು. ಇನ್ನು ಪ್ರೆಸ್ಸಿನ ಪದ್ಧತಿಯ ಮಾತು. ಮದುವೆ ಕಾರ್ಡಿಗೆ ಜೋಡಿಸಿದ ಅಕ್ಷರಗಳನ್ನು ದಾರ ಸುತ್ತಿ ಮದುವೆಯಾಗುವ ತನಕ ಹಾಗೇ ಇಡುತ್ತಾರೆ. ಬೀಗರು ಹೆಚ್ಚಾದರೆ ಮತ್ತೆ ನೂರು ಕಾರ್ಡು ಬೇಕಾಗಬಹುದು. ಸತ್ತವರ ಕಾರ್ಡಿನದನ್ನು ಮಾತ್ರ ಅದೇ ದಿನ, ದೀಪ ಹಚ್ಚುವ ಮೊದಲು ಬಿಚ್ಚಿ, ಒಂದೊಂದು ಮೊಳೆಯನ್ನೂ ಅದರದರ ಗೂಡಿಗೆ ಹಾಕಿಬಿಡಬೇಕು. ಯಾಕೆಂದು ಯಾರೂ ಕೇಳಿಲ್ಲ. ಕಾಸೀಮಸಾಬನ ಅಪ್ಪನೂ ಹಾಗೇ ಮಾಡುತ್ತಿದ್ದ, ವಿರೂಪಾಕ್ಷಪ್ಪನವರೂ ಹಾಗೇ ಮಾಡಿಸುತ್ತಿದ್ದರು.

ಕಾಸೀಮಸಾಬ ಚಿಮಣಿ ಎಣ್ಣೆಯಲ್ಲಿ ಮಸಿ ತೊಳೆದು, ಅಚ್ಚನ್ನು ತಂದು ಗೂಡಿನ ಮುಂದೆ ಇಟ್ಟ.

"ಬಿಚ್ಚೋಣೇನ್ರಿ?"

"ನಾಳೆ."

"ನಾಳೆನಾ?"

"ನಾಳೆ ನೋಡೋಣು."

ವಿಜಯೇಂದ್ರ ಅದಕ್ಕೆ ದಾರ ಸುತ್ತಿದರು. ತಗಡಿನ ತಟ್ಟೆಗೆ ಸರಿಸಿ ಗೂಡಿನ ಕೆಳಗಿನ ಅರೆಗೆ ತಳ್ಳಿದರು. ದುಃಖದಿಂದ ಮಾಡಿದ್ದು ಎನ್ನಲು ಅವರಲ್ಲಿ ದುಃಖ ಕಾಣುತ್ತಿರಲಿಲ್ಲ. ಕೈ ಬರಲಿಲ್ಲ, ಅಷ್ಟೇ. ಮರುದಿನವೂ ಬರಲಿಲ್ಲ. ಹದಿಮೂರನೆಯ ದಿನ ಕಳೆದು ಇಂದಿರಾಬಾಯಿ ಹಾವೇರಿಗೆ ಹೋದರು. ವಿಜಯೇಂದ್ರ ಖಾನಾವಳಿಯ ಊಟ ಹಚ್ಚಿಕೊಂಡರು, ಸ್ಟೂಲಿನ ಮೇಲೆ ಡಬ್ಬಿ ಇಡುವುದು ನಿಂತಿತು, ಸ್ಟೂಲು ಖಾಲಿ ನಿಂತಿತು. ಅರೆಯೊಳಗಿನ ತಟ್ಟೆ ಅಲ್ಲೇ ಇತ್ತು. ಕಾಸೀಮಸಾಬ ಶುಕ್ರವಾರಕ್ಕೊಮ್ಮೆ ನಮಾಜಿಗೆ ಹೋಗುವ ಮುಂಚೆ ಅದನ್ನು ಎಳೆದು, ಧೂಳು ಒರೆಸಿ, ಮತ್ತೆ ತಳ್ಳುತ್ತಿದ್ದ. ಮಾಲೀಕರಿಗೆ ಹೇಳಲಿಲ್ಲ.

ಮೇ ತಿಂಗಳ ಕೊನೆಗೆ ಚೇತನಕುಮಾರ ಬಂದ. ಮುಂಗಾರಿನ ಬೀಜದ ಚೀಟಿ, ಹಳೆಯ ನಮೂನೆಯೇ. ವಿಜಯೇಂದ್ರ ಜೋಡಿಸುತ್ತ ದೊಡ್ಡ ಎಸ್‌ಗಳ ಮನೆಗೆ ಕೈ ಹಾಕಿದರೆ ನಾಲ್ಕಿದ್ದವು. ಬೇಕಾದದ್ದು ಎಂಟು. ನಾಲ್ಕು ಚೀಟಿಗೆ ದೊಡ್ಡದು, ನಾಲ್ಕಕ್ಕೆ ಸಣ್ಣದು ಹಾಕಿದರೆ ಒಂದೇ ಮನೆಯ ಮಕ್ಕಳಿಗೆ ಬೇರೆ ಬೇರೆ ಬಟ್ಟೆ ತೊಡಿಸಿದಂತೆ. ಕಾಲ ಬಳಿಯ ಅರೆಯನ್ನು ಅವರು ನೋಡಲಿಲ್ಲ. ಎಂಟಕ್ಕೂ ಸಣ್ಣ ಎಸ್ ಹಾಕಿದರು. ಕೋಲನ್ನಿನ ಮುಂದೆ ಸಣ್ಣಕ್ಷರ, ಪ್ರೆಸ್ಸಿನ ಕಾನೂನೇ ಅಲ್ಲವೇ.

ಕರಡು ರೂಢಿಯಂತೆ ಸಂಜೆ ಮನೆಗೆ ಹೋಯಿತು. ಮೇಜಿನ ಮೇಲೆ ಹಸಿರು ಪೆನ್ನಿನ ಪಕ್ಕ ರಾತ್ರಿ ಕಳೆದು, ಬೆಳಿಗ್ಗೆ ಹಾಗೇ ವಾಪಸು ಬಂತು. ಚೇತನಕುಮಾರನೂ ರೂಢಿಯಂತೆ ಸಹಿ ಮಾಡುವ ಮುಂಚೆ, "ಮನ್ಯಾಗ ಬಾಯಾರು ನೋಡ್ಯಾರಲ್ರೀ?" ಅಂದ. ಅಂದವನೇ ನಾಲಿಗೆ ಕಚ್ಚಿಕೊಂಡ. ಆ ಮುಜುಗರಕ್ಕೆ ಕರಡನ್ನು ಕಣ್ಣೆತ್ತಿಯೂ ನೋಡದೆ ಸಹಿ ಹೊಡೆದು ಟೆಂಪೊ ಹತ್ತಿದ.

ಒಂಬತ್ತು ದಿನಕ್ಕೆ ಅದೇ ಟೆಂಪೊ ಬಂದು ಪ್ರೆಸ್ಸಿನ ಮುಂದೆ ನಿಂತಿತು. ಚೇತನಕುಮಾರನ ಮುಖ ಇಳಿದಿತ್ತು.

"ಮಾಲೀಕರ, ಬ್ಯಾಡಗ್ಯಾಗ ಒಂದೂ ಪಾಕೀಟು ಹೋಗವಲ್ದು. ಡೂಪ್ಲಿಕೇಟ್ ಅನ್ನಾಕತ್ತಾರ."

ವಿರೂಪಾಕ್ಷಪ್ಪನವರು ಹತ್ತಿಯ ವ್ಯಾಪಾರದಿಂದ ಪ್ರೆಸ್ಸಿಗೆ ಬಂದವರು. ಮಾತಿಗಿಂತ ಮೊದಲು ಸರಕು ನೋಡುವ ಚಟ. "ನಿನ್ನ ಬೀಜಾನ ಡೂಪ್ಲಿಕೇಟ್ ಇದ್ರ ನಾ ಏನ್ ಮಾಡ್ಲೋ?" ಅಂದರು.

"ಬೀಜದ ಮಾತಲ್ರೀ. ಚೀಟಿ ನೋಡಿ ಅನ್ನಾಕತ್ತಾರ. ಬರ್ರಿ, ನೀವ ಬಂದು ಹೇಳ್ರಿ."

"ಚೀಟಿ ಅಂದ್ರ ಆಚಾರ್ರು. ಆಚಾರ್ರ, ಹತ್ರಿ ಗಾಡಿ," ಎಂದು ಮಾಲೀಕರು ವಿಜಯೇಂದ್ರರತ್ತ ತಿರುಗಿದರು.

ಹೀಗೆ ವಿಜಯೇಂದ್ರ ಬ್ಯಾಡಗಿಗೆ ಹೋದರು. ಮಳೆ ಒಂದು ಹದ ಆಗಿತ್ತು, ರಸ್ತೆಯ ಎರಡೂ ಬದಿಗೆ ಹೊಲ ಕಪ್ಪಗೆ ಮಲಗಿದ್ದವು. ಜೊತೆಗೆ ಬಂದ ಮಾಲೀಕರು ಮಾತಾಡುತ್ತಿದ್ದರು, ವಿಜಯೇಂದ್ರ ಹೂಂ ಅನ್ನುತ್ತಿದ್ದರು. ಬ್ಯಾಡಗಿಯ ಗಾಳಿಯಲ್ಲಿ ವರ್ಷವಿಡೀ ಇರುವ ಘಾಟಿಗೆ ಎಲ್ಲರೂ ಸೀನಿದರು. ವಿಜಯೇಂದ್ರರ ಕಣ್ಣಲ್ಲಿ ಆ ಎರಡು ತಿಂಗಳಲ್ಲಿ ಮೊದಲ ಸಲ ನೀರು ಬಂತು. ಮೆಣಸಿನಕಾಯಿಯ ಕೆಲಸ ಅದು, ಬೇರೆ ಅರ್ಥವಿಲ್ಲ.

ಹಜರತಅಲಿಯ ಬೀಜದ ಅಂಗಡಿಯಲ್ಲಿ ಪಾಕೀಟುಗಳ ಪೆಟ್ಟಿಗೆ ಒಡೆಯದೆ ಕೂತಿದ್ದವು. ಗಲ್ಲಾದ ಹಿಂದೆ ಹಜರತಅಲಿ, ಮುಂದೆ ಕಟ್ಟೆಯ ಮೇಲೆ ಸೊಂಟಕ್ಕೆ ಸೆರಗು ಬಿಗಿದ ಒಬ್ಬಳು ಮುದುಕಿ.

"ಬರ್ರಿ ಬರ್ರಿ, ಕುಂದ್ರಿ," ಎಂದ ಹಜರತಅಲಿ. "ನಾ ಹೇಳಿದ್ರ ಚೇತನಪ್ಪ ನಂಬೂದಿಲ್ಲ. ಈ ಹೊನ್ನವ್ವಗ ಕೇಳ್ರಿ. ಐದು ಎಕರೆ ಮೆಣಸಿನ ಗಿಡದ ಒಡತಿ. ಇಕಿ ಒಯ್ದ ಬೀಜಾನ ಸುತ್ತ ನಾಕ್ ಊರಿನವರು ಒಯ್ತಾರ. ಇಕಿ ಬಿಟ್ರ ನಾಕ್ ಊರು ಬಿಟ್ಟಂಗ."

ಹೊನ್ನವ್ವ ಸೊಂಟದ ಚೀಲದಿಂದ ಒಂದು ಖಾಲಿ ಪಾಕೀಟು ತೆಗೆದಳು. ಹಿಂದಿನ ವರ್ಷದ್ದು, ಮಡಿಕೆಯಲ್ಲಿ ಹರಿದಿತ್ತು. ಆ ಸೀಮೆಯ ಹೆಂಗಸರು ಬೀಜ ಬಿತ್ತಿದ ಮೇಲೆ ಪಾಕೀಟು ಒಗೆಯುವುದಿಲ್ಲ, ಜಂತಿಗೆ ಸಿಕ್ಕಿಸಿಡುತ್ತಾರೆ. ಬೆಳೆ ಚಲೋ ಬಂದರೆ ಮುಂದಿನ ವರ್ಷ ಅದನ್ನೇ ತಂದು ಅಂಗಡಿಯಲ್ಲಿ ತಾಳೆ ನೋಡಿ ಒಯ್ಯುತ್ತಾರೆ. ಕೆಟ್ಟರೆ ಅಂಗಡಿಯವನ ಮುಖಕ್ಕೆ ಹಿಡಿಯಲು ಸಾಕ್ಷಿ ಬೇಕಲ್ಲ.

ಹಳೆಯದನ್ನೂ ಹೊಸದನ್ನೂ ಅವಳು ತೊಡೆಯ ಮೇಲೆ ಪಕ್ಕಪಕ್ಕ ಇಟ್ಟಳು.

"ನೋಡ್ರೆಪಾ. ನನಗ ಓದಾಕ ಬರೂದಿಲ್ಲ. ಕಣ್ಣ ಕಾಣ್ತಾವ. ಇಲ್ಲಿ ಎರಡು ಚುಕ್ಕಿ. ಅದರ ಮುಂದ ಏನೈತಿ?"

ವಿಜಯೇಂದ್ರ ಬಾಗಿ ನೋಡಿದರು. "ಎಸ್," ಅಂದರು.

"ಎಸ್ಸೋ ಗಿಸ್ಸೋ, ಹಾವು! ದೊಡ್ಡ ಹಾವು, ಹೆಡಿ ಎತ್ತಿ ನಿಂತೈತಿ. ಬೀಜಕ್ಕ ವಿಷಾ ಸವರೇತಿ, ಹುಷಾರ್ ಅಂತ ಹಾವು ಬರದಾರ. ಐದಾರು ವರ್ಷ ನೋಡೇನಿ, ಹಾವು ಅಲ್ಲೇ ಇರತಿತ್ತು. ಈಗ ಇಲ್ಲಿ ನೋಡ್ರಿ." ಹೊಸ ಚೀಟಿಯ ಮೇಲೆ ಉಗುರು ಇಟ್ಟಳು. "ಹುಳಾ. ಎರೆಹುಳಾ! ಯಾವನೋ ಕಳ್ಳ ನೋಡಿ ಬರಿಯಾಕ ಹೋಗಿ ಹಾವಿನ ಬದ್ಲಿ ಎರೆಹುಳಾ ಬರದಾನ."

ಚೇತನಕುಮಾರ ಬಾಯಿ ತೆರೆದು ನಿಂತ. ಹಜರತಅಲಿ ನಕ್ಕ.

"ನಿನಗ ಗೊತ್ತಿಲ್ಲೇನೋ ಚೇತನಪ್ಪ? ನಿನ್ನ ಕಂಪನಿ ಹೆಸರು ಯಾವನಿಗೆ ಗೊತ್ತೈತಿ! ಅಂಗಡಿಗೆ ಬಂದವರು ಹಾವಿನ ಚೀಟಿ ಬೀಜ ಕೊಡ್ರಿ ಅಂತಾನ ಕೇಳ್ತಾರ."

"ಅದು ಹಾವಲ್ಲಬೇ, ಅಕ್ಷರ," ಅಂದರು ವಿರೂಪಾಕ್ಷಪ್ಪ. "ಬೀಜ ಅದ ಐತಿ. ಅಕ್ಷರ ಅಷ್ಟ ಸಣ್ಣದಾಗೇತಿ."

"ಯಾಕ ಸಣ್ಣದಾತು?"

ವಿರೂಪಾಕ್ಷಪ್ಪನವರು ವಿಜಯೇಂದ್ರರ ಮುಖ ನೋಡಿದರು. ವಿಜಯೇಂದ್ರ ಹಳೆಯ ಚೀಟಿಯನ್ನೇ ನೋಡುತ್ತಿದ್ದರು.

"ಹಿಂದ ದೊಡ್ಡದು ಹಾಕಿದ್ದು ಯಾರು? ಅವರನ್ನ ಕೇಳ್ರಿ, ಹೇಳ್ತಾರ," ಅಂದಳು ಹೊನ್ನವ್ವ. "ಅವರಿಗೆ ತಿಳಿದಿರತೈತಿ. ಅಷ್ಟು ವರ್ಷ ಒಂದ ನಮೂನಿ ಹಾಕ್ಯಾರಂದ್ರ ಸುಮ್ಮನ ಹಾಕಿರಾಂಗಿಲ್ಲ."

ಹಜರತಅಲಿ ಚಹಾ ತರಿಸಿದ. ವಿಜಯೇಂದ್ರ ಕುಡಿದರು. ಸಕ್ಕರೆ ಇತ್ತೋ ಇಲ್ಲವೋ ಅವರಿಗೆ ಗೊತ್ತಾಗಲಿಲ್ಲ. ಹೊನ್ನವ್ವ ಎದ್ದು ಹಳೆಯ ಪಾಕೀಟನ್ನು ಸೊಂಟಕ್ಕೆ ಸೇರಿಸಿದಳು.

"ಬುಧವಾರ ಸಂತಿಗೆ ಬರ್ತೀನಿ. ಹಾವು ಇದ್ರ ಒಯ್ತೀನಿ. ಇಲ್ಲಂದ್ರ ಬ್ಯಾರೆ ಅಂಗಡ್ಯಾಗ ಬ್ಯಾರೆ ಬೀಜ ಐತಿ. ಹದ ಯಾರಿಗೂ ಕಾಯಾಂಗಿಲ್ಲ."

ವಾಪಸು ಬರುವಾಗ ಮೋಟೆಬೆನ್ನೂರು ದಾಟಿದ ಮೇಲೆ ಮಾಲೀಕರು ಹೇಳಿದರು: "ನಾವು ಚೀಲದ ಬಾಯಾಗ ಬಿಳಿ ಹತ್ತಿ ಇಟ್ಟು ಗಿರಾಕಿ ಕಣ್ಣು ಕಟ್ತೀವಿ ಅಂತ ಮೀಸಿ ತಿರುವ್ತೀವಿ. ಆ ಮುದುಕಿ ನೋಡ್ರಿ ಆಚಾರ್ರ, ಅಕ್ಷರ ಬರಲಾರದ ನಮ್ಮ ಪ್ರೂಫ್ ತಿದ್ದಿ ಕಳಿಸಿದ್ಲು."

ವಿಜಯೇಂದ್ರ ಹೂಂ ಅಂದರು.

ಪ್ರೆಸ್ಸಿಗೆ ಬಂದವರೇ ವಿರೂಪಾಕ್ಷಪ್ಪ ಕನ್ನಡಕ ಏರಿಸಿ ನೇರವಾಗಿ ಗೂಡಿನ ಹತ್ತಿರ ಹೋದರು. ಮನೆಮನೆಗೂ ಬೆರಳು ಹಾಕಿ ನೋಡಿದರು.

"ದೊಡ್ಡ ಎಸ್ ನಾಕ್ ಅದಾವು. ಎಚ್ ಮನಿ ಖಾಲಿ. ವಿ ಇಲ್ಲ. ಇವೇನು ಕಾಲು ಬಂದು ಸಂತಿಗೆ ಹೋಗ್ಯಾವೇನ್ರಿ? ಕಾಸೀಮ, ನಿನಗರ ಗೊತ್ತೈತೇನು?"

ಕಾಸೀಮಸಾಬ ಯಂತ್ರದ ಚಕ್ರಕ್ಕೆ ಎಣ್ಣೆ ಬಿಡತೊಡಗಿದ. ಬೆಳಿಗ್ಗೆಯಷ್ಟೇ ಬಿಟ್ಟಿದ್ದ.

ವಿಜಯೇಂದ್ರ ಬಗ್ಗಿ ಅರೆಯಿಂದ ತಟ್ಟೆ ಎಳೆದರು. ಧೂಳಿರಲಿಲ್ಲ. ಯಾಕಿಲ್ಲವೆಂದು ಒಂದು ಕ್ಷಣ ನೋಡಿ, ಕಾಸೀಮಸಾಬನ ಬೆನ್ನಿನತ್ತ ನೋಡಿದರು. ತಟ್ಟೆಯನ್ನು ಖಾಲಿ ಸ್ಟೂಲಿನ ಮೇಲೆ ಇಟ್ಟರು.

ವಿರೂಪಾಕ್ಷಪ್ಪ ಅದರ ಮೇಲೆ ಬಾಗಿದರು. ಸೀಸದ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿರುತ್ತವೆ. ಇಷ್ಟು ವರ್ಷ ಪ್ರೆಸ್ಸು ನಡೆಸಿದರೂ ಮಾಲೀಕರಿಗೆ ಅದನ್ನು ಓದಲು ಬರುತ್ತಿರಲಿಲ್ಲ.

"ಯಾವ ಕೆಲಸ ಇದು?"

ವಿಜಯೇಂದ್ರ ಬೆರಳಿಟ್ಟು ಓದಿದರು. ಇಂಗ್ಲಿಷಿನಲ್ಲಿದ್ದದ್ದನ್ನು ಸಾಲು ಸಾಲಾಗಿ, ಗಿರಾಕಿಗೆ ಓದಿ ಹೇಳುವ ದನಿಯಲ್ಲೇ. ಹೆಸರು ಬಂದಾಗಲೂ ದನಿ ಬದಲಾಗಲಿಲ್ಲ. ತಾರೀಖು, ಹೊತ್ತು, ಸ್ಥಳ. ಕೊನೆಯ ಸಾಲಿಗೆ ಬಂದಾಗ ಮಾಲೀಕರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದರು.

"ಅವತ್ತ ಬಿಚ್ಚಲಿಲ್ಲೇನು?"

"ಇಲ್ಲ."

"ಎರಡು ತಿಂಗಳಾತಲ್ರೀ."

"ಹೌದು."

ಇನ್ನೊಬ್ಬರಾಗಿದ್ದರೆ ವಿರೂಪಾಕ್ಷಪ್ಪನವರ ಬಾಯಿಂದ ಬರುವ ಮಾತೇ ಬೇರೆ ಇತ್ತು. ಅದನ್ನು ನುಂಗಿಕೊಂಡರು. "ನಾ ಬಿಚ್ಚರಿ ಅನ್ನಾಂಗಿಲ್ಲ. ಬುಧವಾರ ಚೀಟಿ ಬೇಕು. ಅಷ್ಟ ಹೇಳ್ತೀನಿ," ಎಂದು ಮುಂದಿನ ಕೋಣೆಗೆ ಹೋದರು. ಹೋದವರು ಮೇಜಿನ ಸಾಮಾನನ್ನು ಸುಮ್ಮನೆ ಅತ್ತಿತ್ತ ಸರಿಸುವುದು ಕೇಳುತ್ತಿತ್ತು.

ಕಾಸೀಮಸಾಬ ಎಣ್ಣೆಯ ಡಬ್ಬಿ ಕೆಳಗಿಟ್ಟ.

"ಒಂದ್ ಮಾತು ಹೇಳ್ಲೇನ್ರಿ. ನಾಕ್ ಎಸ್ ಅದಾವಲ್ಲ. ಎಂಟರ ಬದ್ಲಿ ನಾಕ್ ನಾಕ್ ಚೀಟಿ ಹೊಡಿಯೂಣು. ಇವತ್ತಿಂದ ಹಗಲೆಲ್ಲಾ ತುಳದ್ರ ಬುಧವಾರಕ್ಕ ಹೆಂಗೂ ಮುಟ್ಟತೈತಿ. ಕಾಲು ನನ್ನವು, ನಿಮಗ್ಯಾಕ ಚಿಂತಿ? ಅದು ಅಲ್ಲೇ ಇರಲಿ."

ಆಗುವ ಮಾತೇ. ವಿಜಯೇಂದ್ರ ಅವನ ಕಾಲು ನೋಡಿದರು. ಎಡಗಾಲಿಗಿಂತ ತುಳಿಯುವ ಬಲಗಾಲು ದಪ್ಪಗಿತ್ತು. ತಟ್ಟೆಯನ್ನು ನೋಡಿದರು. ಆರು ಎಸ್. ಹರಿಪ್ರಿಯಾಳ ಹೆಸರು ಹೇಳುವ ಅಕ್ಷರಗಳು ಅಲ್ಲಿ ದಾರದೊಳಗೆ ಕೂತಿದ್ದವು. ಕೂತದ್ದರಿಂದ, ಅವಳು ಮೂರು ಗೀಟು ಎಳೆದು ಹಾಕಿಸಿದ್ದ ಅಕ್ಷರ ಎಂಟೂ ಚೀಟಿಯಿಂದ ಬಿದ್ದುಹೋಗಿತ್ತು. ಅದು ಹೋದದ್ದು ಮಾಲೀಕರಿಗೆ ಗೊತ್ತಾಗಲಿಲ್ಲ, ಚೇತನಕುಮಾರನಿಗೆ ಗೊತ್ತಾಗಲಿಲ್ಲ, ಇಪ್ಪತ್ತೇಳು ವರ್ಷ ಅಕ್ಷರ ಹಿಡಿದ ತನಗೆ ಗೊತ್ತಿದ್ದೂ ದೊಡ್ಡದೆನಿಸಲಿಲ್ಲ. ಜಂತಿಯಲ್ಲಿ ಪಾಕೀಟು ಸಿಕ್ಕಿಸುವ ಮುದುಕಿಗೆ ಗೊತ್ತಾಯಿತು.

ಒಂದು ಹಿಡಿದರೆ ಕೊನೆಯ ತನಕ ಅದನ್ನೇ ಹಿಡಿಯಬೇಕು ಅಂದಿದ್ದಳು ಹರಿಪ್ರಿಯಾ.

"ಕಾರ್ಡು ಆಗೇದ ಕಾಸೀಮ," ಅಂದರು. "ಹಂಚಿನೂ ಆಗೇದ. ಮಂದಿ ಬಂದು ಉಂಡು ಹೋಗ್ಯಾರ. ಇನ್ನ ಯಾರಿಗೆ ಇಡೋದು?"

ಕಾಸೀಮಸಾಬ ಕಿಟಕಿಯ ಎರಡನೆಯ ಬಾಗಿಲನ್ನೂ ತೆರೆದ. ಹೊತ್ತು ಇಳಿಯಲು ಇನ್ನೂ ಸಮಯವಿತ್ತು. ದೀಪ ಹಚ್ಚುವ ಮೊದಲು ಮುಗಿಯುವಷ್ಟು ಬೆಳಕು ಇತ್ತು.

ವಿಜಯೇಂದ್ರ ದಾರದ ತುದಿ ಹುಡುಕಿ ಬಿಚ್ಚಿದರು. ಮೊಳೆ ಬಿಚ್ಚುವವನು ಕಣ್ಣುಮುಚ್ಚಿ ಬಿಚ್ಚಲಾಗುವುದಿಲ್ಲ. ಒಂದು ಸಾಲನ್ನು ಎಡಗೈಯಲ್ಲಿ ಹಿಡಿದು, ಒಂದು ಶಬ್ದ ಓದಿ, ಅದರ ಅಕ್ಷರಗಳನ್ನು ಬೆರಳ ಸಂದಿಯಿಂದ ಒಂದೊಂದಾಗಿ ಅವುಗಳ ಮನೆಗೆ ಬಿಡಬೇಕು. ಓದದೆ ಹಾಕಿದರೆ ಗೂಡೆಲ್ಲ ಕಲಬೆರಕೆ. ಹಾಗಾಗಿ ಅವರು ಎಲ್ಲವನ್ನೂ ಓದಿದರು. ಶ್ರೀಯಿಂದ ಮೊದಲ ಎಸ್ ಬಿತ್ತು. ಹೆಸರು ಬಂತು. ದೊಡ್ಡ ಎಚ್ ಒಂದು ಕಡೆ, ಸಣ್ಣ ಎ ಒಂದು ಕಡೆ, ಆರ್ ಒಂದು ಕಡೆ, ಐ ಎರಡು ಒಂದೇ ಮನೆಗೆ. ಒಂಬತ್ತು ಮೊಳೆಗೆ ಹೆಸರು ಮುಗಿಯಿತು. ಹಾವೇರಿ ಬಿತ್ತು, ಶಾಲೆ ಬಿತ್ತು, ರವಿವಾರ ಬಿತ್ತು. ಕೊನೆಯ ಸಾಲಿನಲ್ಲಿ ಕೋಲನ್ನನ್ನು ಅದರ ಮನೆಗೆ ಹಾಕಿ, ಮುಂದಿನ ದೊಡ್ಡ ಎಸ್ ಅನ್ನು ಬೆರಳಲ್ಲಿ ಹಿಡಿದುಕೊಂಡರು. ಏನಾದರೂ ಆಗಬಹುದು ಎಂದು ಸ್ವಲ್ಪ ಹೊತ್ತು ಕಾದಂತಿತ್ತು. ಸೀಸ ತಣ್ಣಗಿತ್ತು. ಮನೆಗೆ ಬಿಟ್ಟರು. ಉಳಿದ ಒಂಬತ್ತರ ಮೇಲೆ ಬಿದ್ದು ಟಿಕ್ ಎಂದಿತು. ಯಾವುದು ಯಾವ ಸಾಲಿನದು ಎಂದು ಇನ್ನು ಹೇಳುವಂತಿರಲಿಲ್ಲ.

ಆಮೇಲೆ ಅಲ್ಲಿಂದಲೇ ಎಂಟನ್ನು ಎಣಿಸಿ ತೆಗೆದರು. ಚೀಟಿಯ ಅಚ್ಚಿನಲ್ಲಿ ಚಿಮಟಿಗೆಯಿಂದ ಸಣ್ಣ ಎಸ್ ಕಿತ್ತು, ಒಂದೊಂದಾಗಿ ದೊಡ್ಡದನ್ನು ಕೂಡಿಸಿದರು. ಕಟ್ಟಲು ದಾರ ಬೇಕಿತ್ತು. ಸ್ಟೂಲಿನ ಮೇಲೆ ಬಿದ್ದಿದ್ದ ಅದೇ ದಾರವನ್ನು ಸುತ್ತಿದರು. ಅಳತೆಗೆ ಸರಿಯಾಯಿತು.

ಕಾಸೀಮಸಾಬ ಅಚ್ಚನ್ನು ಯಂತ್ರಕ್ಕೆ ಏರಿಸಿ ಒಂದು ತುಳಿತ ತುಳಿದ. ಹಾಳೆಯನ್ನು ಎರಡೂ ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದ.

"ಹಾವು ಬಂದ್ವು ನೋಡ್ರಿ. ಎಂಟೂ ಬಂದ್ವು."

ಮುಂದಿನ ಕೋಣೆಯಲ್ಲಿ ಸಾಮಾನು ಸರಿಸುವ ಸದ್ದು ನಿಂತಿತು. ವಿಜಯೇಂದ್ರ ಹಾಳೆ ತೆಗೆದುಕೊಂಡರು. ಮನೆಗೆ ಒಯ್ಯಲು ಚೀಲ ತೆರೆಯಲಿಲ್ಲ. ಗೂಡಿನ ಅಂಚಿಗೆ ಹಾಸಿ, ಎರಡು ಚುಕ್ಕಿಯಿಂದ ಶುರುಮಾಡಿ, ಎಂಟನ್ನೂ ಒಂದೊಂದಾಗಿ ಓದಿದರು.

"ಮೂರನೇದಕ್ಕ ಮಸಿ ಹೆಚ್ಚಾತು," ಅಂದರು.

ಕಾಸೀಮಸಾಬ ಮಸಿ ಕಡಿಮೆ ಮಾಡಿದ.